ಮನೆಗೆ ಮೆಶ್ ವೈಫೈ: ಎಷ್ಟು ನೋಡ್ ಬೇಕು, ಎಲ್ಲಿಡಬೇಕು?

ಪ್ರಶ್ನೆ: ನಮ್ಮದು ಎರಡು ಅಂತಸ್ತಿನ ಮನೆ. ಫೈಬರ್ ಸಂಪರ್ಕ ಕೆಳಗಿನ ಹಜಾರದ ಮೂಲೆಗೆ ಬಂದಿದೆ. ಸೇವೆ ಒದಗಿಸುವವರು ಕೊಟ್ಟ ರೂಟರ್ ಕೂಡ ಅಲ್ಲೇ ಇದೆ. ಯೋಜನೆಯ ವೇಗ 200 ಎಂಬಿಪಿಎಸ್. ರೂಟರ್ ಪಕ್ಕದಲ್ಲಿ ಅಷ್ಟೂ ಸಿಗುತ್ತದೆ. ನಾನು ಕೆಲಸ ಮಾಡುವುದು ಮಹಡಿಯ ಹಿಂಬದಿಯ ಕೋಣೆಯಲ್ಲಿ. ಅಲ್ಲಿ ವಿಡಿಯೊ ಕರೆಗಳು ಪದೇಪದೇ ತುಂಡಾಗುತ್ತವೆ. ಆ ಕೋಣೆಯಲ್ಲೇ ಒಂದು ಎಕ್ಸ್‌ಟೆಂಡರ್ ಹಾಕಿದೆ. ಈಗ ಸಿಗ್ನಲ್ ಕಡ್ಡಿಗಳು ಪೂರ್ತಿ ಕಾಣುತ್ತವೆ, ವೇಗ ಮಾತ್ರ 10 ಎಂಬಿಪಿಎಸ್ ದಾಟುವುದಿಲ್ಲ. ಮೂರು ನೋಡ್‌ಗಳ, ಅಂದರೆ ಸೇರಿ ದುಡಿಯುವ ಮೂರು ವೈಫೈ ಪೆಟ್ಟಿಗೆಗಳ, ಮೆಶ್ ಸೆಟ್ ಕೊಳ್ಳಬೇಕೆಂದಿದ್ದೇನೆ. ಇದು ಸರಿಯೇ? ಅವನ್ನು ಎಲ್ಲಿಡಬೇಕು? ಹಳೆಯ ರೂಟರನ್ನು ಏನು ಮಾಡಬೇಕು?

ಉತ್ತರ: ಕಡ್ಡಿಗಳು ಪೂರ್ತಿ ಕಾಣುತ್ತವೆ, ಆದರೆ ವೇಗವಿಲ್ಲ ಎಂದು ಬರೆದಿದ್ದೀರಲ್ಲ, ನಿಮ್ಮ ಸಮಸ್ಯೆಯ ಮೂಲ ಆ ಸಾಲಿನಲ್ಲೇ ಇದೆ. ಫೋನಿನ ತೆರೆಯ ಮೇಲೆ ಕಾಣುವ ಕಡ್ಡಿಗಳು ಫೋನಿಗೂ ಅದು ಸದ್ಯ ಜೋಡಿಸಿಕೊಂಡಿರುವ ಸಾಧನಕ್ಕೂ ನಡುವಿನ ಸಂಪರ್ಕ ಎಷ್ಟು ಗಟ್ಟಿಯಾಗಿದೆ ಎಂಬುದನ್ನಷ್ಟೇ ಹೇಳುತ್ತವೆ. ಆ ಸಾಧನಕ್ಕೂ ಕೆಳಗಿನ ರೂಟರ್‌ಗೂ ನಡುವೆ ಏನು ನಡೆಯುತ್ತಿದೆ ಎಂಬುದು ಅವುಗಳಿಂದ ತಿಳಿಯುವುದಿಲ್ಲ. ನಿಮ್ಮ ಎಕ್ಸ್‌ಟೆಂಡರ್ ಇರುವುದು ಸಿಗ್ನಲ್ ಈಗಾಗಲೇ ಸೋತು ಬರುವ ಕೋಣೆಯಲ್ಲಿ. ಅದು ತನಗೆ ಕ್ಷೀಣವಾಗಿ ಕೇಳಿಸಿದ್ದನ್ನೇ ನಿಮಗೆ ಜೋರಾಗಿ ಹೇಳುತ್ತಿದೆ. ಇಂದು ಮೂರು ನೋಡ್‌ಗಳ ಸೆಟ್ ತಂದು, ಎಕ್ಸ್‌ಟೆಂಡರ್ ಇದ್ದ ಜಾಗದಲ್ಲೇ ಒಂದು ನೋಡ್ ಇಟ್ಟರೆ, ಹಣ ಖರ್ಚಾದ ಮೇಲೂ ಬಹುಮಟ್ಟಿಗೆ ಇದೇ ಅನುಭವವಾಗುತ್ತದೆ. ಆದ್ದರಿಂದ ಯಾವ ಸೆಟ್ ಎಂಬುದಕ್ಕಿಂತ ಮೊದಲು, ನೋಡ್‌ಗಳು ಒಂದರೊಡನೊಂದು ಯಾವ ದಾರಿಯಲ್ಲಿ ಮಾತಾಡಬೇಕು ಎಂಬುದನ್ನು ನಿರ್ಧರಿಸಬೇಕು. ಮೆಶ್‌ನಲ್ಲಿ ಈ ದಾರಿಗೆ ಬ್ಯಾಕ್‌ಹಾಲ್ ಎನ್ನುತ್ತಾರೆ. ಇಡೀ ವ್ಯವಸ್ಥೆಯ ಗುಣ ನಿಂತಿರುವುದು ಅದರ ಮೇಲೆಯೇ.

ಮೆಶ್ ಎಂದರೆ ಒಂದೇ ಹೆಸರಿನ, ಒಂದೇ ಪಾಸ್‌ವರ್ಡಿನ ಜಾಲವನ್ನು ಹಲವು ಸಾಧನಗಳು ಸೇರಿ ಕಟ್ಟುವ ಏರ್ಪಾಡು. ಒಂದು ನೋಡ್ ಇಂಟರ್ನೆಟ್ ಸಂಪರ್ಕಕ್ಕೆ ತಂತಿಯಿಂದ ಜೋಡಿಯಾಗಿರುತ್ತದೆ, ಅದೇ ಮುಖ್ಯ ನೋಡ್. ಉಳಿದವು ತಮ್ಮ ಬಳಿ ಬಂದದ್ದನ್ನು ಅದಕ್ಕೆ ತಲುಪಿಸುತ್ತವೆ. ಎಕ್ಸ್‌ಟೆಂಡರ್‌ಗೂ ಇದಕ್ಕೂ ಇರುವ ವ್ಯತ್ಯಾಸವೆಂದರೆ, ಮೆಶ್ ನೋಡ್‌ಗಳಿಗೆ ಪರಸ್ಪರ ಪರಿಚಯವಿರುತ್ತದೆ: ಯಾರ ಮೂಲಕ ಹೋದರೆ ದಾರಿ ಚೆನ್ನಾಗಿದೆ ಎಂಬುದನ್ನು ಅವು ತಾವೇ ಲೆಕ್ಕ ಹಾಕುತ್ತವೆ, ಮತ್ತು ಎಲ್ಲದರ ಹೊಂದಿಕೆಯನ್ನೂ ನೀವು ಒಂದೇ ಆ್ಯಪ್‌ನಲ್ಲಿ ಬದಲಿಸಬಹುದು. ಇದಕ್ಕಾಗಿ 802.11ಎಸ್ ಎಂಬ ಮಾನದಂಡ 2011ರಲ್ಲೇ ಬಂದಿದೆ. ಬೇರೆ ಬೇರೆ ತಯಾರಕರ ಸಾಧನಗಳು ಒಂದೇ ಜಾಲದಲ್ಲಿ ಸೇರಲೆಂದು ವೈಫೈ ಅಲಯನ್ಸ್ 2018ರಲ್ಲಿ ಈಸಿಮೆಶ್ ಎಂಬ ಪ್ರಮಾಣೀಕರಣವನ್ನೂ ತಂದಿತು. ಆದರೂ ಮನೆಬಳಕೆಯ ಎಷ್ಟೋ ಸೆಟ್‌ಗಳು ತಯಾರಕರ ಸ್ವಂತ ವಿಧಾನವನ್ನೇ ನೆಚ್ಚಿಕೊಂಡಿವೆ. ಹೀಗಾಗಿ ಎಲ್ಲ ನೋಡ್‌ಗಳನ್ನೂ ಒಬ್ಬರೇ ತಯಾರಕರ ಒಂದೇ ಸರಣಿಯಿಂದ ಕೊಳ್ಳುವುದು ಕ್ಷೇಮ.

ಇನ್ನು ನಿಸ್ತಂತು ಬ್ಯಾಕ್‌ಹಾಲ್‌ನ ಲೆಕ್ಕ. ಒಂದು ಚಾನೆಲ್‌ನಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬಹುದು. ನಡುವಿನ ನೋಡ್ ಒಂದೇ ರೇಡಿಯೊದಿಂದ ನಿಮ್ಮ ಲ್ಯಾಪ್‌ಟಾಪ್‌ನ ಮಾತನ್ನು ಕೇಳಿಸಿಕೊಂಡು, ಅದೇ ಚಾನೆಲ್‌ನಲ್ಲಿ ಮುಖ್ಯ ನೋಡ್‌ಗೆ ಮತ್ತೆ ಹೇಳಬೇಕಾದರೆ, ಒಂದೇ ಮಾಹಿತಿ ಎರಡು ಸಲ ಗಾಳಿಯಲ್ಲಿ ಹಾಯುತ್ತದೆ. ವೇಗ ಸುಮಾರು ಅರ್ಧಕ್ಕಿಳಿಯುತ್ತದೆ. ಎರಡು ನೋಡ್‌ಗಳ ನಡುವೆ ನಿಜವಾಗಿ 300 ಎಂಬಿಪಿಎಸ್ ಹಾಯಬಲ್ಲದಾದರೆ ನಿಮಗೆ ದಕ್ಕುವುದು 150ರ ಆಸುಪಾಸು. ಮೂರನೆಯ ನೋಡ್ ಎರಡನೆಯದರ ಬೆನ್ನಿಗೆ ಜೋತುಬಿದ್ದರೆ ಇನ್ನೂ ಇಳಿಯುತ್ತದೆ, ಜೊತೆಗೆ ಪ್ರತಿ ನೆಗೆತಕ್ಕೂ ಒಂದಿಷ್ಟು ವಿಳಂಬ ಸೇರುತ್ತದೆ. ಪೆಟ್ಟಿಗೆಯ ಮೇಲೆ ಟ್ರೈಬ್ಯಾಂಡ್ ಎಂದು ಬರೆದಿರುವ ಸೆಟ್‌ಗಳಲ್ಲಿ ಇನ್ನೊಂದು ರೇಡಿಯೊ ಇರುತ್ತದೆ. ಅದನ್ನು ನೋಡ್‌ಗಳ ನಡುವಿನ ಮಾತಿಗೇ ಮೀಸಲಿಟ್ಟಾಗ ಈ ನಷ್ಟ ಬಹಳಷ್ಟು ತಪ್ಪುತ್ತದೆ. ತಂತಿ ಎಳೆಯಲು ಸಾಧ್ಯವೇ ಇಲ್ಲದ ಮನೆಗಳಿಗೆ ನಾನು ಟ್ರೈಬ್ಯಾಂಡನ್ನೇ ಸೂಚಿಸುತ್ತೇನೆ. ತಂತಿ ಎಳೆಯುವುದಾದರೆ ಎರಡೇ ರೇಡಿಯೊಗಳಿರುವ ಸಾಧಾರಣ ಡ್ಯುಯಲ್‌ಬ್ಯಾಂಡ್ ಸೆಟ್ ಸಾಕು, ಹೆಚ್ಚಿನ ಹಣ ಕೊಡಬೇಕಾಗಿಲ್ಲ.

ಕೊಳ್ಳುವ ಮೊದಲು ಒಂದು ಸಂಜೆಯನ್ನು ಅಳತೆಗೆ ಮೀಸಲಿಡಿ. ಕಡ್ಡಿಗಳನ್ನು ಬಿಟ್ಟು, ಸಿಗ್ನಲ್‌ನ ಬಲವನ್ನು ಹೇಳುವ ಡಿಬಿಎಂ ಎಂಬ ಅಂಕಿಯನ್ನು ನೋಡಬೇಕು. ಆಂಡ್ರಾಯ್ಡ್ ಫೋನಿನಲ್ಲಿ ಯಾವುದಾದರೂ ವೈಫೈ ಅನಲೈಸರ್ ಆ್ಯಪ್ ಇದನ್ನು ತೋರಿಸುತ್ತದೆ. ಮ್ಯಾಕ್‌ನಲ್ಲಿ ಆಪ್ಷನ್ ಕೀ ಒತ್ತಿ ಹಿಡಿದು ವೈಫೈ ಚಿಹ್ನೆಯನ್ನು ಕ್ಲಿಕ್ಕಿಸಿದರೆ ಆರ್‌ಎಸ್‌ಎಸ್‌ಐ ಎಂಬ ಹೆಸರಿನಲ್ಲಿ ಅದೇ ಅಂಕಿ ಕಾಣುತ್ತದೆ. ಇದು ಯಾವಾಗಲೂ ಮೈನಸ್‌ನಲ್ಲಿರುತ್ತದೆ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ಮೈನಸ್ 50 ಎಂದರೆ ಬಲವಾದ ಸಿಗ್ನಲ್. ಮೈನಸ್ 65ರವರೆಗೆ ವಿಡಿಯೊ ಕರೆಗೆ ತೊಂದರೆಯಿಲ್ಲ. ಮೈನಸ್ 70 ದಾಟಿದರೆ ಅಂಚಿಗೆ ಬಂದಿರಿ ಎಂದರ್ಥ. ಮೈನಸ್ 80ರಲ್ಲಿ ಸಂಪರ್ಕ ಹೆಸರಿಗಷ್ಟೇ. ಈ ಅಂಕಿಗಳನ್ನು ಅಡಿಕೋಲಿನ ಅಂಕಿಗಳಂತೆ ಓದಬಾರದು. 3 ಡೆಸಿಬೆಲ್ ಇಳಿದರೆ ಶಕ್ತಿ ಅರ್ಧವಾಗುತ್ತದೆ, 10 ಇಳಿದರೆ ಹತ್ತನೇ ಒಂದು ಭಾಗ. ಮೈನಸ್ 60ಕ್ಕೂ ಮೈನಸ್ 70ಕ್ಕೂ ಇರುವ ಅಂತರ ನೋಡಲು ಚಿಕ್ಕದು, ಆದರೆ ಅದು ಹತ್ತು ಪಟ್ಟಿನ ಅಂತರ.

ಅಳೆಯುವಾಗ ಫೋನನ್ನು 5 ಗಿಗಾಹರ್ಟ್ಸ್ ಜಾಲಕ್ಕೆ ಜೋಡಿಸಿಕೊಳ್ಳಿ, ಏಕೆಂದರೆ ನೋಡ್‌ಗಳು ಸಾಮಾನ್ಯವಾಗಿ ತಮ್ಮೊಳಗೆ ಮಾತಾಡುವುದು ಅದರಲ್ಲೇ. 2.4 ಗಿಗಾಹರ್ಟ್ಸ್ ತರಂಗ ಗೋಡೆಗಳನ್ನು ತಕ್ಕಮಟ್ಟಿಗೆ ದಾಟಿ ದೂರ ಹೋಗುತ್ತದೆ, ಆದರೆ ಅದರಲ್ಲಿ ಜಾಗ ಕಡಿಮೆ: ಒಂದರ ಮೇಲೊಂದು ಬೀಳದ ಚಾನೆಲ್‌ಗಳೆಂದರೆ 1, 6 ಮತ್ತು 11 ಮಾತ್ರ, ನೆರೆಹೊರೆಯವರ ರೂಟರ್‌ಗಳು, ಬ್ಲೂಟೂತ್ ಸಾಧನಗಳು, ಮೈಕ್ರೊವೇವ್ ಒಲೆ ಎಲ್ಲವೂ ಅಲ್ಲೇ ಬಂದು ಸೇರುತ್ತವೆ. ರೂಟರ್ ಬಳಿಯಿಂದ ಹೊರಟು, ಮೆಟ್ಟಿಲ ಬುಡ, ಮೆಟ್ಟಿಲ ತಿರುವು, ಮೆಟ್ಟಿಲ ತುದಿ, ಮಹಡಿಯ ಓಣಿ, ಹಿಂದಿನ ಕೋಣೆಯ ಬಾಗಿಲು, ನಿಮ್ಮ ಮೇಜು ಹೀಗೆ ಒಂದೊಂದು ಕಡೆ ಅರ್ಧ ನಿಮಿಷ ನಿಂತು ಅಂಕಿಯನ್ನು ಕಾಗದದ ಮೇಲೆ ಬರೆದುಕೊಳ್ಳಿ. ಮನುಷ್ಯದೇಹವೂ ಈ ತರಂಗವನ್ನು ಹೀರಿಕೊಳ್ಳುತ್ತದೆ; ಆದ್ದರಿಂದ ನಿಂತಲ್ಲೇ ಒಂದು ಸುತ್ತು ತಿರುಗಿ ಸರಾಸರಿ ನೋಡಿ. ಹೀಗೆ ನಡೆದಾಗ ಸಾಮಾನ್ಯವಾಗಿ ಒಂದು ವಿಷಯ ಕಣ್ಣಿಗೆ ಕಟ್ಟುತ್ತದೆ: ಅಂಕಿ ನಿಧಾನವಾಗಿ ಇಳಿಯುತ್ತ ಬಂದು, ಒಂದು ನಿರ್ದಿಷ್ಟ ಗೋಡೆಯನ್ನೋ ಬಾಗಿಲನ್ನೋ ದಾಟಿದ ಕೂಡಲೇ ಒಮ್ಮೆಲೇ ಕುಸಿಯುತ್ತದೆ. ನಿಮ್ಮ ಮನೆಯಲ್ಲಿ ಆ ಕುಸಿತ ಎಲ್ಲಾಗುತ್ತದೆ ಎಂಬುದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಎರಡನೆಯ ನೋಡ್ ಇಡಬೇಕಾದದ್ದು ಕುಸಿತದ ಈಚೆಗೆ, ಅಂದರೆ ಅಂಕಿ ಇನ್ನೂ ಮೈನಸ್ 60ರಿಂದ 65ರ ಒಳಗಿರುವ ಕೊನೆಯ ಜಾಗದಲ್ಲಿ. ನೋಡ್ ಬೇಕಾಗಿರುವುದು ತೊಂದರೆಯಿರುವ ಕೋಣೆಗೆ ಎಂಬ ಕಾರಣಕ್ಕೆ ಎಲ್ಲರೂ ಅದನ್ನು ಆ ಕೋಣೆಯೊಳಗೇ ಇಡುತ್ತಾರೆ. ನಾನು ಕಂಡಿರುವ ತಪ್ಪುಗಳಲ್ಲಿ ಇದೇ ಅತಿ ಸಾಮಾನ್ಯ. ನೋಡ್‌ಗೆ ಮೊದಲು ತನಗೆ ಚೆನ್ನಾಗಿ ಕೇಳಿಸಬೇಕು, ಆಮೇಲೆ ಅದು ಬೇರೆಯವರಿಗೆ ಹೇಳೀತು. ಎರಡು ಅಂತಸ್ತಿನ ಮನೆಗಳಲ್ಲಿ ಮೆಟ್ಟಿಲ ತುದಿ ಹಲವು ಸಲ ಒಳ್ಳೆಯ ಜಾಗವಾಗಿರುತ್ತದೆ, ಏಕೆಂದರೆ ಅಲ್ಲಿ ಕಾಂಕ್ರೀಟಿನ ತಾರಸಿ ಅಡ್ಡ ಬರದೆ ತರಂಗಕ್ಕೆ ಮೆಟ್ಟಿಲ ತೆರಪೇ ದಾರಿ ಕೊಡುತ್ತದೆ. ಕಬ್ಬಿಣದ ಸರಳು ಹಾಕಿದ ಕಾಂಕ್ರೀಟ್ ದಾಟುವುದು ಇಟ್ಟಿಗೆ ಗೋಡೆ ದಾಟುವುದಕ್ಕಿಂತ ಬಹಳ ಕಷ್ಟ. ಲೋಹದ ಬೀರು, ದೊಡ್ಡ ಕನ್ನಡಿ, ಮೀನಿನ ತೊಟ್ಟಿ, ಟಿವಿಯ ಹಿಂಭಾಗ ಇವುಗಳ ನೆರೆಯನ್ನು ತಪ್ಪಿಸಿ. ನೆಲದ ಮೇಲೆ ಇಡದೆ, ಸೊಂಟದಿಂದ ತಲೆಯ ಎತ್ತರದೊಳಗೆ, ಬಯಲಾಗಿ ಇಡಿ. ನೋಟಕ್ಕೆ ಚೆಂದವಲ್ಲವೆಂದು ಕಪಾಟಿನೊಳಗೆ ಮುಚ್ಚಿಟ್ಟರೆ ಬಿಸಿಯೂ ಹೆಚ್ಚುತ್ತದೆ, ಸಿಗ್ನಲ್ಲೂ ಕುಗ್ಗುತ್ತದೆ.

ಪರಿಚಿತರೊಬ್ಬರ ಮನೆಯಲ್ಲಿ ಇಂಥದೇ ದೂರು ಇತ್ತು. ಮೂರು ನೋಡ್‌ಗಳಿದ್ದವು, ಮಹಡಿಯ ನೋಡ್ ಅನ್ನು ಪುಸ್ತಕದ ಗೂಡಿನಲ್ಲಿ ಅಂದವಾಗಿ ಇಟ್ಟಿದ್ದರು. ಆ ಗೂಡಿನ ಬೆನ್ನಿಗಿದ್ದ ಗೋಡೆಯ ಆಚೆ ಬದಿಗೆ ಒತ್ತಿಕೊಂಡು ಆಳೆತ್ತರದ ಉಕ್ಕಿನ ಬೀರು ನಿಂತಿತ್ತು, ಅದು ಸರಿಯಾಗಿ ಕೆಳಗಿನ ರೂಟರ್ ಇರುವ ದಿಕ್ಕಿಗೇ. ಆ್ಯಪ್‌ನಲ್ಲಿ ಬ್ಯಾಕ್‌ಹಾಲ್ ಮೈನಸ್ 77 ತೋರಿಸುತ್ತಿತ್ತು. ನೋಡ್ ಅನ್ನು ಅದೇ ಗೋಡೆಯಲ್ಲಿ ಎರಡು ಮಾರು ಆಚೆ, ಮೆಟ್ಟಿಲು ಕಾಣುವಂತೆ ಸಣ್ಣ ಹಲಗೆಯ ಮೇಲೆ ಇಟ್ಟೆವು. ಅಂಕಿ ಮೈನಸ್ 62ಕ್ಕೆ ಬಂತು. ಬೇರೇನನ್ನೂ ಮುಟ್ಟಲಿಲ್ಲ. 5 ಗಿಗಾಹರ್ಟ್ಸ್‌ನ ತರಂಗಾಂತರ ಐದಾರು ಸೆಂಟಿಮೀಟರ್ ಮಾತ್ರ, ಆದಕಾರಣ ಗೋಡೆಗಳಿಂದ ಪುಟಿದು ಬಂದ ತರಂಗಗಳು ಒಂದನ್ನೊಂದು ಅಳಿಸಿಕೊಳ್ಳುವ ಜಾಗಕ್ಕೂ ಕೂಡಿಕೊಳ್ಳುವ ಜಾಗಕ್ಕೂ ಗೇಣಿನಷ್ಟೂ ದೂರವಿರುವುದಿಲ್ಲ. ಜಾಗ ಗೊತ್ತುಮಾಡಿದ ಮೇಲೂ ನೋಡ್ ಅನ್ನು ಗೇಣುಗೇಣು ಸರಿಸಿ ನೋಡುವುದು ವ್ಯರ್ಥವಲ್ಲ.

ಮೂರು ಬೇಕೇ ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಎರಡರಿಂದ ಆರಂಭಿಸಿ. ಹೆಚ್ಚು ನೋಡ್ ಎಂದರೆ ಹೆಚ್ಚು ವೇಗವಲ್ಲ. ಒಂದೇ ಚಾನೆಲ್‌ನಲ್ಲಿ ಮಾತಾಡುವ ನೋಡ್‌ಗಳು ಒಬ್ಬರ ಸರದಿಗಾಗಿ ಇನ್ನೊಬ್ಬರು ಕಾಯಬೇಕಾಗುತ್ತದೆ. ತೀರಾ ಹತ್ತಿರವಿದ್ದರೆ ಫೋನ್ ಯಾವುದಕ್ಕೆ ಅಂಟಿಕೊಳ್ಳಬೇಕೆಂದು ತಿಳಿಯದೆ ದೂರದ್ದಕ್ಕೇ ಅಂಟಿಕೊಂಡು ಕೂರುತ್ತದೆ. ಎರಡನ್ನು ಸರಿಯಾಗಿ ಇಟ್ಟ ಮೇಲೆ ಕೆಳಗಿನ ಅಂತಸ್ತಿನ ಇನ್ನೊಂದು ತುದಿ ಕೊರತೆಯಲ್ಲಿದೆ ಎಂದು ಅಳತೆಯೇ ಹೇಳಿದರೆ ಮೂರನೆಯದನ್ನು ಆಗ ಕೊಳ್ಳಬಹುದು. ಆಗಲೂ ಮೂರನೆಯದು ನೇರವಾಗಿ ಮುಖ್ಯ ನೋಡ್‌ಗೆ ಜೋಡಿಯಾಗುವಂತೆ, ಅಂದರೆ ಮುಖ್ಯ ನೋಡ್ ನಡುವೆ ಉಳಿಯುವಂತೆ ಇಡಿ. ಸರಪಳಿಯಂತೆ ಒಂದರ ಹಿಂದೊಂದು ಇಡಬೇಡಿ.

ಸಾಧ್ಯವಿದ್ದರೆ ಒಂದು ಈಥರ್ನೆಟ್ ಕೇಬಲನ್ನು ಮಹಡಿಗೆ ಎಳೆಸಿಬಿಡಿ. ನಾನು ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಮೇಲೆ ಹೇಳಿದ ಅರ್ಧಕ್ಕಿಳಿಯುವ ಲೆಕ್ಕವೂ ಡಿಬಿಎಂನ ತಲೆನೋವೂ ಆ ಒಂದು ತಂತಿಯಿಂದ ಹೆಚ್ಚುಕಡಿಮೆ ಪೂರ್ತಿ ಮಾಯವಾಗುತ್ತವೆ, ಮತ್ತು ಆಗ ನೋಡ್ ಅನ್ನು ನಿಮ್ಮ ಕೆಲಸದ ಕೋಣೆಯೊಳಗೇ ಧೈರ್ಯವಾಗಿ ಇಡಬಹುದು. ಕ್ಯಾಟ್ 5ಇ ದರ್ಜೆಯ ಕೇಬಲ್ 100 ಮೀಟರ್‌ವರೆಗೆ 1 ಗಿಗಾಬಿಟ್ ವೇಗವನ್ನು ಒಯ್ಯುತ್ತದೆ. ಹೊಸದಾಗಿ ಎಳೆಸುವುದಾದರೆ ಕ್ಯಾಟ್ 6 ಹಾಕಿಸಿ. ಒಳಗಿನ ಎಳೆಗಳು ಪೂರ್ತಿ ತಾಮ್ರದವೇ ಎಂದು ಕೇಳಿಕೊಳ್ಳಿ. ಅಲ್ಯೂಮಿನಿಯಮ್ ಎಳೆಗೆ ತಾಮ್ರದ ಲೇಪ ಕೊಟ್ಟ ಅಗ್ಗದ ಕೇಬಲ್‌ಗಳು ಬಗ್ಗಿಸಿದಲ್ಲಿ ಮುರಿಯುತ್ತವೆ. ವಿದ್ಯುತ್ ತಂತಿಯ ಪೈಪಿನಲ್ಲೇ ಇದನ್ನೂ ತೂರಿಸಬಾರದು. ಬೇರೆ ಪೈಪ್ ಬೇಕು. ಗೋಡೆ ಕೊರೆಯಲು ಮನಸ್ಸಿಲ್ಲದಿದ್ದರೆ ಹೊರಗೋಡೆಯ ಮೇಲೆ ಬಿಸಿಲು ತಡೆಯುವ ಹೊರಕವಚದ ಕೇಬಲನ್ನು ಎಳೆದು ಕಿಟಕಿಯ ಪಕ್ಕದಿಂದ ಒಳತರಬಹುದು. ಮನೆಯಲ್ಲಿ ಹಳೆಯ ಕೇಬಲ್ ಟಿವಿಯ ಕೊಏಕ್ಸಿಯಲ್ ತಂತಿ ಎರಡೂ ಅಂತಸ್ತಿನಲ್ಲಿದ್ದು, ಈಗ ಬಳಕೆಯಲ್ಲಿಲ್ಲದಿದ್ದರೆ, ಕೊಏಕ್ಸಿಯಲ್ ತಂತಿಯಲ್ಲಿ ಜಾಲದ ಮಾಹಿತಿ ಸಾಗಿಸುವ ಮೋಕಾ ಅಡಾಪ್ಟರ್‌ಗಳ ಮೂಲಕ ಅದನ್ನೇ ದುಡಿಸಿಕೊಳ್ಳಬಹುದು. ವಿದ್ಯುತ್ ತಂತಿಯ ಮೂಲಕ ಸಾಗಿಸುವ ಪವರ್‌ಲೈನ್ ಅಡಾಪ್ಟರ್‌ಗಳ ಫಲ ಮನೆಯ ವೈರಿಂಗ್ ಹೇಗಿದೆಯೋ ಹಾಗೆ. ಬೇರೆ ದಾರಿಯಿಲ್ಲದಾಗ ಮಾತ್ರ ಅದು.

ತಂತಿ ಜೋಡಿಸುವಾಗ ಒಂದು ಎಚ್ಚರ ಬೇಕು. ಮಹಡಿಯ ನೋಡ್‌ನಿಂದ ಬರುವ ಕೇಬಲ್ ಮುಖ್ಯ ನೋಡ್‌ನ ಲ್ಯಾನ್ ಪೋರ್ಟ್‌ಗೆ, ಅಂದರೆ ಮನೆಯೊಳಗಿನ ಸಾಧನಗಳಿಗಿರುವ ಕಿಂಡಿಗೆ ಸೇರಬೇಕು, ಅಥವಾ ಆ ಪೋರ್ಟ್‌ಗೆ ಜೋಡಿಸಿದ ಸ್ವಿಚ್‌ಗೆ (ಒಂದು ಪೋರ್ಟನ್ನು ಹಲವಾಗಿಸುವ ಪೆಟ್ಟಿಗೆಗೆ). ಮುಖ್ಯ ನೋಡ್ ರೂಟರ್ ಆಗಿ ದುಡಿಯುತ್ತಿರುವಾಗ ಈ ಕೇಬಲನ್ನು ಸೇವೆಯವರು ಕೊಟ್ಟ ಹಳೆಯ ರೂಟರ್‌ಗೆ ಚುಚ್ಚಿದರೆ, ಮಹಡಿಯ ನೋಡ್ ಮುಖ್ಯ ನೋಡ್‌ನ ಬೆನ್ನ ಹಿಂದಿನ ಇನ್ನೊಂದು ಜಾಲಕ್ಕೆ ಸೇರಿದಂತಾಗುತ್ತದೆ; ಆಗ ತಂತಿ ಇದ್ದೂ ಇಲ್ಲದಂತೆ ನಿಸ್ತಂತುವಿನಲ್ಲೇ ಮಾತಾಡುತ್ತದೆ, ಇಲ್ಲವೇ ಆ್ಯಪ್‌ನಿಂದಲೇ ಮರೆಯಾಗುತ್ತದೆ.

ಹಳೆಯ ರೂಟರ್ ವಿಚಾರಕ್ಕೆ ಬರೋಣ. ಅದನ್ನು ಹಾಗೇ ಬಿಟ್ಟು ಅದರ ಹಿಂದೆ ಮೆಶ್ ಜೋಡಿಸಿದರೆ ಎರಡು ರೂಟರ್‌ಗಳು ಸಾಲಾಗಿ ವಿಳಾಸಗಳನ್ನು ಬದಲಿಸುತ್ತ ಕೂರುತ್ತವೆ. ಇದಕ್ಕೆ ಡಬಲ್ ನ್ಯಾಟ್ ಎನ್ನುತ್ತಾರೆ. ಜಾಲತಾಣ ನೋಡಲು, ವಿಡಿಯೊ ನೋಡಲು ಇದರಿಂದ ಅಡ್ಡಿಯಿಲ್ಲ. ಆದರೆ ಆನ್‌ಲೈನ್ ಆಟಗಳು, ಹೊರಗಿನಿಂದ ಮನೆಯ ಕ್ಯಾಮೆರಾ ನೋಡುವ ಏರ್ಪಾಡು ಇಂಥವು ಕೈಕೊಡುತ್ತವೆ, ಮತ್ತು ಹಳೆಯ ರೂಟರ್‌ಗೆ ಜೋಡಿಸಿದ ಪ್ರಿಂಟರ್ ಮೆಶ್‌ನಲ್ಲಿರುವ ಲ್ಯಾಪ್‌ಟಾಪ್‌ಗೆ ಕಾಣದೆ ಹೋಗುತ್ತದೆ. ತಪ್ಪಿಸಲು ಎರಡು ದಾರಿಗಳಿವೆ. ಹಳೆಯದನ್ನು ಬ್ರಿಜ್ ಮೋಡ್‌ಗೆ ಹಾಕಿ ರೂಟರ್ ಕೆಲಸವನ್ನೆಲ್ಲ ಮೆಶ್‌ಗೆ ಒಪ್ಪಿಸುವುದು ಒಂದು. ಹಳೆಯದನ್ನೇ ರೂಟರ್ ಆಗಿ ಉಳಿಸಿ ಮೆಶ್ ಅನ್ನು ವೈಫೈ ಹರಡುವ ಕೆಲಸಕ್ಕಷ್ಟೇ, ಅಂದರೆ ಆಕ್ಸೆಸ್ ಪಾಯಿಂಟ್ ಮೋಡ್‌ನಲ್ಲಿ ನಡೆಸುವುದು ಇನ್ನೊಂದು. ಮೊದಲನೆಯದು ಹೆಚ್ಚು ಅಚ್ಚುಕಟ್ಟು, ಆದರೆ ನಿಮ್ಮ ಸಂಪರ್ಕ ಪಿಪಿಪಿಒಇ ವಿಧಾನದ್ದಾಗಿದ್ದರೆ, ಅಂದರೆ ರೂಟರ್ ಲಾಗಿನ್ ಆಗಬೇಕಾದಂಥದ್ದಾಗಿದ್ದರೆ, ಬಳಕೆದಾರರ ಹೆಸರು, ಪಾಸ್‌ವರ್ಡ್ ಮತ್ತು ಅಗತ್ಯವಿದ್ದಲ್ಲಿ ವಿಲ್ಯಾನ್ ಸಂಖ್ಯೆಯನ್ನು (ಸೇವೆಯವರು ತಮ್ಮ ಜಾಲದಲ್ಲಿ ಸಂಪರ್ಕವನ್ನು ಗುರುತಿಸಲು ಬಳಸುವ ಸಂಖ್ಯೆ) ಸೇವೆಯವರಿಂದ ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ಬ್ರಿಜ್‌ಗೆ ಹಾಕಿದ ಮೇಲೆ ಇಂಟರ್ನೆಟ್ ಇಲ್ಲದೆ ಅವನ್ನು ಹುಡುಕುವುದು ಬಹಳ ಪೇಚಾಟ. ಎರಡನೆಯದು ಸುಲಭ, ಆದರೆ ಮಕ್ಕಳ ಬಳಕೆಯ ನಿಯಂತ್ರಣದಂಥ ಕೆಲವು ಸೌಲಭ್ಯಗಳು ಹಲವು ಸೆಟ್‌ಗಳಲ್ಲಿ ಆ ಮೋಡ್‌ನಲ್ಲಿ ದೊರೆಯುವುದಿಲ್ಲ. ಯಾವ ದಾರಿ ಹಿಡಿದರೂ ಹಳೆಯ ರೂಟರ್‌ನ ವೈಫೈಯನ್ನು ಆಫ್ ಮಾಡಿ, ಎಕ್ಸ್‌ಟೆಂಡರನ್ನು ಸಾಕೆಟ್‌ನಿಂದ ಕಿತ್ತಿಡಿ. ಅವು ಪಕ್ಕದಲ್ಲಿ ಮಾತಾಡುತ್ತಲೇ ಇದ್ದರೆ ಹೊಸ ನೋಡ್‌ಗಳ ಹೊತ್ತನ್ನು ಕದಿಯುತ್ತವೆ.

ಸ್ಥಾಪಿಸುವಾಗ ಎರಡೂ ನೋಡ್‌ಗಳನ್ನು ಒಂದೇ ಕೋಣೆಯಲ್ಲಿಟ್ಟು ಜೋಡಿಸಿ, ಅವುಗಳೊಳಗಿನ ತಂತ್ರಾಂಶವಾದ ಫರ್ಮ್‌ವೇರ್ ನವೀಕರಿಸಿ, ಆಮೇಲೆ ಎರಡನೆಯದನ್ನು ಅದರ ಜಾಗಕ್ಕೆ ಒಯ್ಯಿರಿ. ಹೊಸ ಜಾಲಕ್ಕೆ ಹಳೆಯ ಹೆಸರನ್ನೂ ಹಳೆಯ ಪಾಸ್‌ವರ್ಡನ್ನೂ ಕೊಟ್ಟರೆ ಮನೆಯ ಸಾಧನಗಳೆಲ್ಲ ತಾವಾಗಿ ಬಂದು ಸೇರುತ್ತವೆ. ಆ ಪಾಸ್‌ವರ್ಡ್ ದುರ್ಬಲವಾಗಿದ್ದರೆ ಮಾತ್ರ ಇದೇ ಸಂದರ್ಭದಲ್ಲಿ ಬದಲಿಸಿ. ಭದ್ರತೆಗೆ ಡಬ್ಲ್ಯುಪಿಎ3, ಹಳೆಯ ಸಾಧನಗಳಿದ್ದರೆ ಡಬ್ಲ್ಯುಪಿಎ2 ಮತ್ತು 3 ಎರಡೂ ಸೇರಿದ ಆಯ್ಕೆ ಇರಲಿ. ಗುಂಡಿ ಒತ್ತಿಯೋ ಪಿನ್ ಕೊಟ್ಟೋ ಸಾಧನ ಸೇರಿಸುವ ಡಬ್ಲ್ಯುಪಿಎಸ್ ಬೇಡ. 2.4 ಗಿಗಾಹರ್ಟ್ಸ್‌ನಲ್ಲಿ ಚಾನೆಲ್ ಅಗಲವನ್ನು 20 ಮೆಗಾಹರ್ಟ್ಸ್‌ಗೆ ಮಿತಿಗೊಳಿಸಿ, 5ರಲ್ಲಿ 80 ಇರಲಿ. 5 ಗಿಗಾಹರ್ಟ್ಸ್‌ನ ನಡುವಿನ ಚಾನೆಲ್‌ಗಳನ್ನು, ಅಂದರೆ 52ರಿಂದ 144ರವರೆಗಿನವನ್ನು, ರಾಡಾರ್‌ಗಳೂ ಬಳಸುತ್ತವೆ. ಅವುಗಳಲ್ಲಿ ಮಾತು ಆರಂಭಿಸುವ ಮೊದಲು ರೂಟರ್ ಕನಿಷ್ಠ 60 ಸೆಕೆಂಡು ಆಲಿಸಬೇಕು, ರಾಡಾರ್ ಕೇಳಿಸಿದರೆ ಜಾಗ ಬಿಡಬೇಕು. ನಿಮ್ಮ ಮೆಶ್ ದಿನದಲ್ಲಿ ಒಂದೆರಡು ಸಲ ಕಾರಣವಿಲ್ಲದೆ ನಿಮಿಷ ಕಾಲ ಮಾಯವಾದರೆ, ಚಾನೆಲನ್ನು 36ಕ್ಕೆ ಬದಲಿಸಿ ನೋಡಿ.

ನಡೆದಾಡುವಾಗ ಒಂದು ನೋಡ್‌ನಿಂದ ಇನ್ನೊಂದಕ್ಕೆ ಜಿಗಿಯುವ ನಿರ್ಧಾರವನ್ನು ಕೊನೆಗೂ ತೆಗೆದುಕೊಳ್ಳುವುದು ಫೋನ್. ನೋಡ್‌ಗಳು 802.11ಕೆ ಮತ್ತು 802.11ವಿ ಮೂಲಕ ಸಲಹೆ ಕೊಡಬಲ್ಲವು, 802.11ಆರ್ ಮೂಲಕ ಆ ಜಿಗಿತವನ್ನು ಚುರುಕುಗೊಳಿಸಬಲ್ಲವು, ಅಷ್ಟೇ. 802.11ಆರ್ ಅನ್ನು ಆನ್ ಮಾಡಿದ ಮೇಲೆ ಹಳೆಯ ಪ್ರಿಂಟರ್ ಅಥವಾ ಸ್ಮಾರ್ಟ್ ಬಲ್ಬ್ ಸೇರಲು ಒಲ್ಲೆನೆಂದರೆ ಅದನ್ನು ಆಫ್ ಮಾಡಿ. ಅಂಥ ಚಿಕ್ಕ ಸಾಧನಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ಮಾತ್ರ ಬಲ್ಲವು, ಹಾಗಾಗಿ 2.4ನ್ನು ಪೂರ್ತಿ ಆಫ್ ಮಾಡಬೇಡಿ.

ಎಲ್ಲವೂ ನೆಲೆಗೊಂಡ ಮೇಲೆ ಮೂರು ಕಡೆ ವೇಗ ಪರೀಕ್ಷೆ ಮಾಡಿ: ಮುಖ್ಯ ನೋಡ್‌ಗೆ ಲ್ಯಾಪ್‌ಟಾಪನ್ನು ಕೇಬಲ್‌ನಿಂದ ಜೋಡಿಸಿ ಒಮ್ಮೆ, ಮಹಡಿಯ ನೋಡ್‌ನ ಪಕ್ಕದಲ್ಲಿ ನಿಂತು ವೈಫೈಯಲ್ಲಿ ಒಮ್ಮೆ, ನಿಮ್ಮ ಮೇಜಿನ ಬಳಿ ಒಮ್ಮೆ. ಮೊದಲನೆಯದರಲ್ಲೇ 200 ಬಾರದಿದ್ದರೆ ದೋಷ ಹೊರಗಿನ ಸಂಪರ್ಕದ್ದು, ಸೇವೆಯವರನ್ನು ಕರೆಯಿರಿ. ಮೊದಲನೆಯದು ಸರಿಯಿದ್ದು ಎರಡನೆಯದು ತೀರಾ ಕುಸಿದರೆ ದೋಷ ಬ್ಯಾಕ್‌ಹಾಲ್‌ನದು, ನೋಡ್ ಅನ್ನು ಕೆಳಗಿನದರ ಕಡೆಗೆ ಸರಿಸಿ. ಎರಡೂ ಸರಿಯಿದ್ದು ಮೇಜಿನ ಬಳಿ ಮಾತ್ರ ಕುಸಿದರೆ, ಒಂದೋ ನೋಡ್ ಮತ್ತು ಮೇಜಿನ ನಡುವಿನ ಗೋಡೆ ಅಡ್ಡಿಯಾಗಿದೆ, ಇಲ್ಲವೇ ನಿಮ್ಮ ಲ್ಯಾಪ್‌ಟಾಪ್ ಇನ್ನೂ ಕೆಳಗಿನ ನೋಡ್‌ಗೇ ಅಂಟಿಕೊಂಡಿದೆ. ಅದರ ವೈಫೈಯನ್ನು ಒಮ್ಮೆ ಆರಿಸಿ ಹಾಕಿ ಮತ್ತೆ ಅಳೆಯಿರಿ. ವಿಡಿಯೊ ಕರೆಗೆ ಬೇಕಾದದ್ದು ಭಾರೀ ವೇಗವಲ್ಲ, ಏರುಪೇರಿಲ್ಲದ ವಿಳಂಬ. ಕರೆಯ ನಡುವೆ ಮುಖ್ಯ ನೋಡ್‌ನ ವಿಳಾಸಕ್ಕೆ ಪಿಂಗ್, ಅಂದರೆ ಸಣ್ಣ ಸಂದೇಶ ಕಳಿಸಿ ಉತ್ತರಕ್ಕೆ ಹಿಡಿಯುವ ಹೊತ್ತು ಅಳೆಯುವ ಆದೇಶ, ಓಡಿಸಿ ನೋಡಿ: ಉತ್ತರಗಳು ಒಂದೇ ಸಮನೆ ಕೆಲವೇ ಮಿಲಿಸೆಕೆಂಡುಗಳಲ್ಲಿ ಬರುತ್ತಿದ್ದರೆ ನಿಮ್ಮ ಮೆಶ್ ಸರಿಯಾಗಿದೆ, ನಡುನಡುವೆ ನೂರಾರು ಮಿಲಿಸೆಕೆಂಡಿಗೆ ಹಾರುತ್ತಿದ್ದರೆ ನೋಡ್‌ನ ಜಾಗವನ್ನು ಇನ್ನೊಮ್ಮೆ ಅಳೆದು ನೋಡಬೇಕು.